ಹ್ಯಾವ್ನೋರಿನ ಪಟ್ಟ, ನಮ್ಮ ಏಳು ಎಕರೆ

ನವನಗರ, ಬಾಗಲಕೋಟೆ

ಪ್ರೀತಿಯ ಮಗಳೇ,

ನೀನು ಪುಣೆಯಿಂದ ಕಳಿಸಿದ ಕೊರಿಯರ್ ಮುಟ್ಟಿತು. ಅಣ್ಣ ಹೊಲಕ್ಕೆ ಹೋದ ಹೊತ್ತಿಗೆ ಬಂದದ್ದು ಒಳ್ಳೆಯದಾಯಿತು. ಏಳು ಎಕರೆಯಲ್ಲಿನ ನಿನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರದ ಕರಡು ಹೋದ ಹಾಗೆಯೇ ಮರಳಿ ಬಂದಿದೆ. ಸಹಿ ಎಲ್ಲಿ ಬೇಕೆಂದು ವಕೀಲರು ಪುಟಪುಟಕ್ಕೂ ಹಾಕಿದ್ದ ಪೆನ್ಸಿಲ್ ಗುರುತುಗಳು ಕೂಡ ಅಳಿಸಿಲ್ಲ. ಅದನ್ನು ಅರ್ಸುಲಾ ಲೆ ಗ್ವಿನ್ ಬರೆದ 'ಟೆಹಾನು' ಕಾದಂಬರಿಯ ಒಳಗಿಟ್ಟಿದ್ದೀಯ, ಅದೂ ಮಗ ಸ್ಪಾರ್ಕ್ ಕಡಲಿನಿಂದ ಮನೆಗೆ ಮರಳುವ ಪುಟದಲ್ಲಿ. ಜೊತೆಗೆ ಒಂದು ಸಾಲು ಬರೆಯಲಿಲ್ಲ. ಆಯುಷ್ಯವೆಲ್ಲ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳಿಗೆ ಇಷ್ಟಾದರೂ ತಿಳಿದೀತು ಎಂದು ನಂಬಿದೆಯಲ್ಲ, ಅದೇ ಸಮಾಧಾನ.

ಪಂಚಮಿಯ ರಾತ್ರಿ ಯಾರು ಯಾರಿಗೆ ಏನೆಂದರು ಎಂಬುದನ್ನು ಮತ್ತೆ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು. 'ದುಡ್ಡಿನ ಮುಖ ಕಂಡ ಮೇಲೆ ನಿನಗೆ ಅಣ್ಣ ಕಾಣುವುದಿಲ್ಲ' ಎಂದು ನಾನು ಅಂದದ್ದನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅದು ಸಿಟ್ಟಿನಲ್ಲಿ ಬಂದ ಮಾತು. ಉಳಿದ ಮಾತುಗಳ ಬಗ್ಗೆ ಇನ್ನೂ ವಿಚಾರ ಮಾಡುತ್ತಿದ್ದೇನೆ.

ನಿನಗೆ ಉತ್ತರ ಕೊಡಲೆಂದೇ ಕಪಾಟಿನಿಂದ ಹಳೆಯ ಮೂರನ್ನೂ ಇಳಿಸಿದೆ. ಅರ್ಥ್‌ಸೀ ಎಂಬ ಕಲ್ಪಿತ ದ್ವೀಪಲೋಕದ ಮಾಲಿಕೆಯ ಮೊದಲನೆಯದು ಬಂದದ್ದು 1968ರಲ್ಲಿ. ನಿನ್ನ ಮೆಚ್ಚಿನ ಮೂರನೆಯದು, 'ದ ಫಾರ್ದೆಸ್ಟ್ ಶೋರ್', 1972ರಲ್ಲಿ. ನಿನಗೆ ಓದಿ ಹೇಳುವಾಗ ನನ್ನ ಲಕ್ಷ್ಯವೆಲ್ಲ ಕಷ್ಟದ ವಾಕ್ಯಗಳನ್ನು ಕನ್ನಡ ಮಾಡಿ ಹೇಳುವುದರಲ್ಲೇ ಇರುತ್ತಿತ್ತು. ಈಗ ನನಗಾಗಿ ಓದಿದೆ. ಎಂಥ ಪುಸ್ತಕ! ಹ್ಯಾವ್ನೋರಿನ ಸಿಂಹಾಸನ ಎಂಟುನೂರು ವರ್ಷಗಳಿಂದ ಬರಿದಾಗಿದೆ. ಮಂತ್ರವಿದ್ಯೆ ಒಂದೊಂದೇ ದ್ವೀಪದಲ್ಲಿ ಬತ್ತಿಹೋಗುತ್ತಿದೆ. ಸಾವನ್ನು ಗೆಲ್ಲುವ ಹಟದಲ್ಲಿ ಕಾಬ್ ಎಂಬ ಮಾಂತ್ರಿಕ ಬದುಕಿಗೂ ಸಾವಿಗೂ ನಡುವಿನ ಬಾಗಿಲನ್ನು ತೆರೆದಿಟ್ಟಿದ್ದಾನೆ; ಜಗತ್ತಿನ ಬೆಳಕೆಲ್ಲ ಅಲ್ಲಿಂದ ಸೋರಿಹೋಗುತ್ತಿದೆ. ಎನ್ಲಾಡಿನ ರಾಜಕುಮಾರ ಅರೆನ್ ಮಹಾಮಾಂತ್ರಿಕ ಗೆಡ್‌ನ ಜೊತೆ ದೋಣಿ ಹತ್ತುತ್ತಾನೆ. ಸಾವಿನ ನಾಡನ್ನು ಜೀವಂತವಾಗಿ ದಾಟಿ ಬಂದವನಿಗೇ ಪಟ್ಟ ಎಂಬ ಹಳೆಯ ಭವಿಷ್ಯವಾಣಿ ಇದೆ. ಅರೆನ್ ದಾಟುತ್ತಾನೆ. ಬಾಗಿಲು ಮುಚ್ಚುವುದರಲ್ಲಿ ತನ್ನ ಶಕ್ತಿಯನ್ನೆಲ್ಲ ಕಳೆದುಕೊಂಡ ಗೆಡ್, ಕೊನೆಗೆ ಎಲ್ಲರೆದುರು ಆ ಹುಡುಗನ ಮುಂದೆ ಮಂಡಿಯೂರುತ್ತಾನೆ. ಅಲ್ಲಿ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಅಧಿಕಾರ ಕೈಗೆ ಬಂದ ಸುಖವನ್ನು ಬರೆದವರು ಬಹಳ ಮಂದಿ ಇದ್ದಾರೆ. ಅಧಿಕಾರವನ್ನು ಕೈಯಾರೆ ದಾಟಿಸಿಕೊಟ್ಟು ಊರಿನ ದಾರಿ ಹಿಡಿಯುವ ಮುದುಕನನ್ನು ಹೀಗೆ ಬರೆದವರು ಕಡಿಮೆ.

ಆದರೆ ನೀನು ತೋರಿಸಬೇಕೆಂದಿದ್ದದ್ದು ಈ ಸಲ ಕಣ್ಣಿಗೆ ಬಿತ್ತು. ಪಟ್ಟಕ್ಕೆ ಬರುವವನು ಗಂಡು, ಹರಸುವವನು ಗಂಡು, ರೋಕ್ ದ್ವೀಪದ ವಿದ್ಯಾಲಯದ ಒಂಬತ್ತು ಗುರುಗಳೂ ಗಂಡಸರು. ಇಡೀ ಪ್ರಯಾಣದಲ್ಲಿ ನೆನಪಿನಲ್ಲಿ ಉಳಿಯುವ ಹೆಣ್ಣೆಂದರೆ ಲೋರ್ಬನೆರಿ ಎಂಬ ರೇಷ್ಮೆ ದ್ವೀಪದ ಬಣ್ಣಗಾರ್ತಿ ಅಕಾರೆನ್. ಬಣ್ಣ ಹಾಕುವ ವಿದ್ಯೆ ಕೈಬಿಟ್ಟು ಹೋಗಿ ಅವಳು ಹುಚ್ಚಿಯಾಗಿದ್ದಾಳೆ. ಗೆಡ್ ಅವಳಿಗೊಂದು ಹೊಸ ಹೆಸರು ಕೊಟ್ಟು, ಸಮಾಧಾನ ಮಾಡಿ, ದೋಣಿ ಹತ್ತಿ ಹೋಗುತ್ತಾನೆ. ಇಳಕಲ್ಲಿನ ನೇಕಾರರ ಮಗಳಾದ ನಾನು ಆ ಪುಟವನ್ನು ದಾಟಲು ಬಹಳ ಹೊತ್ತು ಹಿಡಿಯಿತು. ಅವಳ ಮುಂದಿನ ಗತಿ ಏನು? ಪುಸ್ತಕಕ್ಕೆ ಅದು ಬೇಕಿಲ್ಲ, ಅದಕ್ಕೆ ರಾಜನ ಕೆಲಸವಿದೆ.

ಬರೆದ ಅರ್ಸುಲಾ ಲೆ ಗ್ವಿನ್‌ಗೂ ಇದು ಕಾಡಿರಬೇಕು. ಹದಿನೆಂಟು ವರ್ಷ ಬಿಟ್ಟು, 1990ರಲ್ಲಿ, ಅದೇ ಕಥೆಯನ್ನು ಅಡಿಗೆಮನೆಯ ಬಾಗಿಲಿನಿಂದ ಮತ್ತೆ ಹೊಕ್ಕಳು. 'ಟೆಹಾನು'ವಿನಲ್ಲಿ ಹೊಸ ರಾಜನಿದ್ದಾನೆ, ಕಿರೀಟವೂ ಆಗಿದೆ, ಆದರೆ ಕಥೆ ನಡೆಯುವುದು ಟೆನಾರ್ ಎಂಬ ವಿಧವೆಯ ಹೊಲಮನೆಯಲ್ಲಿ. ಮಾಂತ್ರಿಕ ಓಗಿಯನ್ ಕಲಿಸುತ್ತೇನೆಂದ ವಿದ್ಯೆಯನ್ನು ಬಿಟ್ಟು ಒಕ್ಕಲಿಗನ ಕೈಹಿಡಿದವಳು ಅವಳು. ತನ್ನವರೇ ತೊರೆದುಹೋದ, ಸುಟ್ಟ ಮುಖದ ಕೂಸೊಂದನ್ನು ಸಾಕುತ್ತಿದ್ದಾಳೆ. ಗಂಟ್ ದ್ವೀಪದ ಕಾನೂನಿನಲ್ಲಿ ಗಂಡು ವಾರಸುದಾರ ಬಂದು ಕೇಳುವ ತನಕ ಮಾತ್ರ ಹೊಲಮನೆ ವಿಧವೆಯದು. ವರ್ಷಗಟ್ಟಲೆ ಹಡಗಿನ ಮೇಲಿದ್ದ ಮಗ ಸ್ಪಾರ್ಕ್ ಒಂದು ದಿನ ಬರುತ್ತಾನೆ, ಕೂಡುತ್ತಾನೆ, ಉಣ್ಣುತ್ತಾನೆ, ಮನೆ ಅವನದಾಗುತ್ತದೆ. ತಟ್ಟೆ ತೊಳೆಯುವುದು ಅವನಿಗೆ ಹೆಂಗಸರ ಕೆಲಸ. ಒಂದು ಕಾಲದಲ್ಲಿ ಮಹಾಮಾಂತ್ರಿಕನಾಗಿದ್ದ ಗೆಡ್ ಅದೇ ಮನೆಯಲ್ಲಿ ಪಾತ್ರೆ ತೊಳೆಯುತ್ತಾನೆ. ಆ ಪುಟದಲ್ಲೇ ನೀನು ಕಾಗದ ಇಟ್ಟದ್ದು.

ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿನ್ನ ಅಣ್ಣ ಸ್ಪಾರ್ಕ್ ಅಲ್ಲ. ಅಪ್ಪನನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ, ರಾತ್ರಿ ಬಂದು ಕಬ್ಬಿಗೆ ನೀರು ಹಾಯಿಸಿದವನು ಅವನು. ನೀನೂ ದುಡ್ಡು ಕಳಿಸಿದೆ, ಇಲ್ಲವೆನ್ನುವುದಿಲ್ಲ. ಆದರೆ ಹೊಲದ ಕೆಲಸಕ್ಕೆ ನಮ್ಮಲ್ಲಿ ಲೆಕ್ಕ ಬರೆಯುವವರಿಲ್ಲ; ಉತಾರದ, ಅಂದರೆ ಪಹಣಿಯ, 9ನೆಯ ಕಾಲಂನಲ್ಲಿ ಹೆಸರು ಇರುತ್ತದೆ, ದುಡಿಮೆ ಇರುವುದಿಲ್ಲ. ಅವನ ಸಂಕಟ ಅದು. ಅದನ್ನು ಆಡಿ ತೋರಿಸಲು ಬಾರದೆ ವಕೀಲರ ಹತ್ತಿರ ಹೋಗಿ ಕಾಗದ ಮಾಡಿಸಿಕೊಂಡು ಬಂದ. ದಡ್ಡ, ನಿಮ್ಮಪ್ಪನ ಹಾಗೆಯೇ.

ಇನ್ನು ನನ್ನ ಸಹಿಯ ವಿಷಯ. 'ನೀನು ಮಾಮಾನಿಗೆ ಬರೆದುಕೊಟ್ಟೆಯಲ್ಲ, ಅದಕ್ಕೇ ನನ್ನಿಂದಲೂ ಬರೆಸುತ್ತೀಯ' ಎಂದು ಕೇಳಿದೆ. ಆವತ್ತು ನಾನು ಉತ್ತರ ಕೊಡಲಿಲ್ಲ.

ನಮ್ಮ ಅಪ್ಪ ತೀರಿಕೊಂಡ ಮೇಲೆ ಇಳಕಲ್ಲಿನ ಮನೆ, ಮಗ್ಗಗಳು, ಒಂದಿಷ್ಟು ಒಣಬೇಸಾಯದ ಭೂಮಿ ಉಳಿಯಿತು. 1994ರಲ್ಲಿ ನಮ್ಮ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತ್ತು, ಆದರೆ ಅದಕ್ಕಿಂತ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ನಾನು ಹೊರಗಿನವಳೇ. ಆದರೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಪ್ಪನ ಪಾಲಿನಲ್ಲಿ ಒಂದು ತುಂಡು ನನಗೂ ಬರುತ್ತಿತ್ತು, ಅದಕ್ಕಾಗಿ ಸಹಿ ಬೇಕಾಯಿತು. ನನ್ನ ಅಣ್ಣ, ನಿನ್ನ ಮಾಮಾ, ಬಂದು ಕರೆದ, ಹೋದೆ. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು, ಎರಡು ಸಹಿ ಮಾಡಿ ಪೆನ್ನು ಮುಚ್ಚಿದೆ. ಕಾರಕೂನ, ಹೆಬ್ಬೆಟ್ಟು ಕೂಡ ಬೇಕು ಎಂದ. ನನ್ನ ಎಡಗೈ ಹೆಬ್ಬೆರಳನ್ನು ತಾನೇ ಹಿಡಿದು, ಮಸಿಯ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಎಡದಿಂದ ಬಲಕ್ಕೆ ಹೊರಳಿಸಿದ. ಆ ಹೊರಳಿಸುವಿಕೆ ನನಗೆ ಮರೆತಿಲ್ಲ. ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದುವ ಕೈ ಅದು, ಆತ ಅದನ್ನು ರಬ್ಬರ್ ಸ್ಟಾಂಪಿನ ಹಾಗೆ ಬಳಸಿದ. ಒರೆಸಿಕೊಳ್ಳಲು ಸಿಕ್ಕ ಅರಿವೆ ಎಲ್ಲರ ಮಸಿಯನ್ನೂ ಕುಡಿದು ಜಿಡ್ಡಾಗಿತ್ತು. ಹಾಗಾಗಿ ಉಟ್ಟ ಸೀರೆಯ ಒಳಗಿನ ಅಂಚಿಗೆ ಒರೆಸಿಕೊಂಡೆ. ಅದು ಅಣ್ಣ ಆ ದಿನಕ್ಕೆಂದೇ ನಮ್ಮ ಮಗ್ಗದಲ್ಲಿ ನೇಯಿಸಿ ತಂದಿದ್ದ ಸೀರೆ, ಕೆಂಪು ಸೆರಗಿನ ಮೇಲೆ ಬಿಳಿಯ ತೆನೆ. ಮೈಯ ಹತ್ತಿಯ ಎಳೆಗೂ ಸೆರಗಿನ ರೇಷ್ಮೆಯ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಆ ಕೆಲಸವನ್ನು ನೀನು ನೋಡಿದ್ದೀಯ. ಕೂತವರ ಬೆನ್ನು ಹೋಗುತ್ತದೆ. ಆಮೇಲೆ ಅಣ್ಣ ಹೋಟೆಲಿಗೆ ಕರೆದುಕೊಂಡು ಹೋಗಿ ಗಿರ್ಮಿಟ್ಟು, ಮಿರ್ಚಿ ಭಜಿ ಕೊಡಿಸಿದ. ಖುಷಿಯಾಗಿದ್ದ. ಮೋಸದ ಖುಷಿಯಲ್ಲ, ಮನೆ ಒಡೆಯಲಿಲ್ಲ ಎಂಬ ಖುಷಿ. ನಾನೂ ಖುಷಿಯಾಗಿಯೇ ಇದ್ದೆ, ಎಡಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು.

ಆಮೇಲೆ ಅವನು ಒಂದು ಪಂಚಮಿಗೂ ಕರೆಯಲು ಬರುವುದನ್ನು ತಪ್ಪಿಸಲಿಲ್ಲ. ಉಡಿ ತುಂಬಿಸದೆ ನಿಮ್ಮ ಅತ್ತೆ ನನ್ನನ್ನು ಕಳಿಸಿದ್ದಿಲ್ಲ. ಓಣಿಯಲ್ಲಿ ಪಾಲು ಕೇಳಿದ ಹೆಣ್ಣುಮಕ್ಕಳನ್ನು ನೋಡಿದ್ದೇನೆ: ತವರಿನಲ್ಲಿ ಸಾವಾದರೆ ತಿಥಿ ಮುಗಿದ ಮೇಲೆ ಸುದ್ದಿ ಬರುತ್ತದೆ. ನನಗೆ ಹಾಗಾಗಲಿಲ್ಲ. ಆದರೆ ಅಣ್ಣ ತಂಗಿಯೆಂದು ಕರೆದನೋ, ಸಹಿ ಹಾಕಿದವಳೆಂದು ಕರೆದನೋ? ಕೇಳಲು ಈಗ ಅವನೂ ಇಲ್ಲ. ಇದ್ದಾಗಲೂ ಕೇಳುತ್ತಿರಲಿಲ್ಲ. ಸಹಿ ಹಾಕದೇ ಇದ್ದಿದ್ದರೆ ಗೊತ್ತಾಗುತ್ತಿತ್ತು, ಅಷ್ಟೇ. ನಿನ್ನ ವಿಷಯದಲ್ಲಿ ನನಗಿರುವ ಭಯವೂ ಇದೇ. ನೀನು ಸಹಿ ಹಾಕಿದರೆ ಅಣ್ಣನ ಪ್ರೀತಿಯ ಬಗ್ಗೆ ಜೀವನವಿಡೀ ನಿನಗೊಂದು ಅನುಮಾನ ಇರುತ್ತದೆ. ಹಾಕದಿದ್ದರೆ ಅನುಮಾನ ಇರುವುದಿಲ್ಲ, ಆದರೆ ತಿಳಿದುಬರುವ ಸಂಗತಿ ಕೆಟ್ಟದ್ದಾಗಿದ್ದರೆ? ಮಗ ಅಂಥವನಲ್ಲ ಎಂದು ಮೇಲೆ ಬರೆದೆ. ಬರೆದ ಮೇಲೂ ಈ ಭಯ ಹೋಗಿಲ್ಲ.

ಕಾನೂನು ನಿನಗೆ ಗೊತ್ತಿದೆ, ಆದರೂ ಹೇಳುತ್ತೇನೆ, ಹೇಳದಿದ್ದರೆ ನಿದ್ರೆ ಬರುವುದಿಲ್ಲ. ಆ 1956ರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಮಗಳು ಹುಟ್ಟಿನಿಂದಲೇ ಮಗನಷ್ಟು ಹಕ್ಕುದಾರಳು. ಆ ದಿನ ಅಪ್ಪ ಬದುಕಿದ್ದನೋ ಇಲ್ಲವೋ ಎಂಬ ತಕರಾರನ್ನೂ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮುಗಿಸಿತು. ಮದುವೆಯಾದವಳು, ಆಗದವಳು ಎಂಬ ಭೇದವೂ ಇಲ್ಲ. ಆದ್ದರಿಂದ ಯಾರಾದರೂ, ನಾನೇ ಆದರೂ, 'ಸುಮ್ಮನೆ ಒಂದು ಸಹಿ' ಎಂದರೆ ಹಾಕಬೇಡ. ಸುಮ್ಮನೆ ಆಗುವ ಸಹಿ ಇಲ್ಲ. ಓದದೆ ಯಾವುದಕ್ಕೂ ಹಾಕಬೇಡ, ಕಂಪನಿಯ ಕಾಗದಕ್ಕೂ ಅಷ್ಟೇ. ಭವಿಷ್ಯ ನಿಧಿಯ ನಾಮಿನಿ ಬದಲಿಸಿದೆಯೋ ಇಲ್ಲವೋ? ಇನ್ನೂ ಅಪ್ಪನ ಹೆಸರೇ ಇದ್ದರೆ ಈ ವಾರವೇ ತೆಗೆಸು. ರಾತ್ರಿ ಬರಿ ಬ್ರೆಡ್ ತಿಂದು ಮಲಗಬೇಡ. ಪಂಚಮಿಗೆ ಬಂದಾಗ ನಿನ್ನ ಬಳೆ ಮೊಣಕೈಯ ತನಕ ಏರುತ್ತಿದ್ದದ್ದನ್ನು ನೋಡಿದ್ದೇನೆ.

ಈ ಅವಸರವೆಲ್ಲ ಎಲ್ಲಿಂದ ಬಂದದ್ದು ಎಂಬುದೂ ನಿನಗೆ ಗೊತ್ತು. ಆಲಮಟ್ಟಿಯ ನೀರನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸಿದರೆ ನಮ್ಮ ಏಳು ಎಕರೆ ಹಿನ್ನೀರಿನ ಒಳಗೆ. ಹಳೆಯ ಬಾಗಲಕೋಟೆಯ ಮನೆ ಹೋದಾಗಲೇ ಅತ್ತು ಮುಗಿಸಿದ್ದೇವೆ, ಮತ್ತೆ ಅಳುವುದಿಲ್ಲ. ಪರಿಹಾರ ಬರುವುದು ದಾಖಲೆಯಲ್ಲಿ ಹೆಸರಿದ್ದವರಿಗೆ. ಹೆಸರುಗಳು ಹೆಚ್ಚಾದಷ್ಟೂ ಕಚೇರಿ ಅಲೆದಾಟ ಹೆಚ್ಚು ಎಂದು ಯಾರೋ ಅಣ್ಣನ ಕಿವಿ ಊದಿದ್ದಾರೆ. ಎಂಟುನೂರು ವರ್ಷ ಕಾದ ಹ್ಯಾವ್ನೋರಿನವರಿಗೆ ಕೊನೆಗೆ ರಾಜ್ಯವಾದರೂ ಉಳಿದಿತ್ತು. ನಾವು ಜಗಳಾಡುತ್ತಿರುವುದು ಮುಳುಗಲಿರುವ ನೆಲಕ್ಕೆ. ಇದನ್ನು ಬರೆಯುವಾಗ ನನಗೇ ನಗು ಬಂತು. ನಿನಗೆ ಬರದಿದ್ದರೆ ಸಿಟ್ಟಾಗಬೇಡ.

ಟೆನಾರ್ ಬಗ್ಗೆ ಇನ್ನೊಂದು ಮಾತಿದೆ, ಇದನ್ನು ನೀನು ಗಮನಿಸಿದ್ದೀಯೋ ಇಲ್ಲವೋ. ಅವಳು ಮಗನ ಜೊತೆ ಜಗಳಾಡದೆ ಹೊಲಮನೆ ಬಿಟ್ಟು ನಡೆದುಬಿಡುತ್ತಾಳೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಇದನ್ನು ದೊಡ್ಡ ತ್ಯಾಗ ಎನ್ನುತ್ತಿದ್ದರು. ನಾನು ಹಾಗೆನ್ನುವುದಿಲ್ಲ. ಅವಳಿಗೆ ಹೋಗಲು ಇನ್ನೊಂದು ಮನೆ ಇತ್ತು, ಬೆಟ್ಟದ ಮೇಲೆ ತೀರಿಹೋದ ಓಗಿಯನ್‌ನ ಮನೆ. ಕೂಸನ್ನೂ ಗೆಡ್‌ನನ್ನೂ ಕಟ್ಟಿಕೊಂಡು ಅಲ್ಲಿ ಬದುಕಬಹುದಿತ್ತು. ಆ ಮನೆ ಇರದಿದ್ದರೆ ಅವಳೂ ಸ್ಪಾರ್ಕ್‌ನ ತಟ್ಟೆ ತೊಳೆಯುತ್ತ ಅಲ್ಲೇ ಇರಬೇಕಿತ್ತು. ನನಗೂ ಅಂಥದ್ದೊಂದು ಇದೆ. ನವನಗರದ ಈ ಮನೆಯನ್ನು ನನ್ನ ಸಂಬಳದ ಸಾಲದಲ್ಲಿ ನನ್ನ ಹೆಸರಿಗೆ ಕಟ್ಟಿಸಿದ್ದು. ಪಿಂಚಣಿ ಬರುತ್ತದೆ. ಆದ್ದರಿಂದ ಏಳು ಎಕರೆಯಲ್ಲಿ ನನಗೆ ಬರುವ ಪಾಲನ್ನು ಅಣ್ಣನಿಗೆ ಬರೆದುಕೊಡುತ್ತೇನೆ, ಅವನ ದುಡಿಮೆಗೆಂದು. ನಿನ್ನ ಪಾಲು ನಿನ್ನ ಹೆಸರಿನಲ್ಲೇ ಇರಲಿ. ಈ ಮನೆ ಮುಂದೆ ನಿಮ್ಮಿಬ್ಬರಿಗೂ ಸಮಪಾಲು. ಆದರೆ ನಾನು ಇರುವ ತನಕ ನಿನಗೆ ಇದೇ ತವರು, ಕರೆಯುವವರಿಗಾಗಿ ಕಾಯುವುದು ಬೇಡ.

ನಿನ್ನೆ ರಾತ್ರಿ ಅವನಿಗೆ ಇಷ್ಟನ್ನೂ ಹೇಳಿದೆ. ಮಾತಾಡಲಿಲ್ಲ. ರೊಟ್ಟಿ ಮುಗಿಸಿ, ತಟ್ಟೆ ತಾನೇ ತೊಳೆದಿಟ್ಟು, ಮೋಟಾರು ಚಾಲೂ ಮಾಡಿ ಬರುತ್ತೇನೆಂದು ಹೊರಟ. ಹೊಲದಲ್ಲಿ ರಾತ್ರಿ ಕರೆಂಟು ಇರಲಿಲ್ಲ, ನನಗೆ ಗೊತ್ತಿತ್ತು. ನಿಮ್ಮ ವೈನಿ ಮಾತ್ರ, 'ಸರಿ ಬಿಡಿರಿ ಅತ್ತೆ' ಎಂದಳು. ಅವಳಿಗೂ ತವರಿನಿಂದ ಇಂಥದೇ ಕಾಗದ ಬಂದಿದೆಯಂತೆ, ಈಗ ಹೇಳಿದಳು.

ನಿನ್ನ ಆಧಾರಿನಲ್ಲಿ ಅಡ್ಡಹೆಸರು ಇಲ್ಲ, ಉತಾರದಲ್ಲಿ ಇದೆ. ಈ ವ್ಯತ್ಯಾಸಕ್ಕೇ ಕಾಗದ ವಾಪಸು ಬರುತ್ತದೆ. ತಿದ್ದುಪಡಿಗೆ ಇವತ್ತೇ ಹಾಕು. ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಎರಡು ಪ್ರತಿ ಕಳಿಸು. ಅಳತೆಯವರು ಬರುವ ದಿನ ಗೊತ್ತಾದರೆ ಅಣ್ಣನೇ ನಿನಗೆ ತಿಳಿಸಬೇಕು ಎಂದಿದ್ದೇನೆ, ನಾನು ತಿಳಿಸುವುದಿಲ್ಲ. ಅದಕ್ಕಿಂತ ಮೊದಲು ನೀನು ಅವನಿಗೊಂದು ಫೋನ್ ಮಾಡು, ಹೊಲದ ಮಾತು ತೆಗೆಯದೆ, ಕಬ್ಬಿನ ಬಿಲ್ಲು ಬಂತೇ ಎಂದು ಕೇಳು. ಮೊದಲ ಸಲ ಎತ್ತುವುದಿಲ್ಲ. ಇನ್ನೊಮ್ಮೆ ಮಾಡು.

ನಿನ್ನ ಅವ್ವ