ಬೋರ್ಡಿನಿಂದ ಇಳಿದ ಒಂದು ಪದ

ಬಳ್ಳಾರಿ
ಭಾನುವಾರ ರಾತ್ರಿ, 3ನೇ ತಾರೀಖು

ಏನಲೇ ಬಸ್ಯಾ,

ಅಂಗಡಿಯ ಹೊಸ ಬೋರ್ಡಿನ ಫೋಟೋಕ್ಕೆ ನೀನು ಹಾಕಿದ ಹಲ್ಲು ಕಿಸಿಯುವ ಮುಖ ನೋಡಿದೆ. ಊರೆಲ್ಲ ‘ಶುಭವಾಗಲಿ’ ಅಂತು. ನೀನೊಬ್ಬನೇ ‘ಕಂಪ್ಯೂಟರ್ ಎಲ್ಲಿ ಹೋಯ್ತು?’ ಅಂತ ಕೇಳಿದ್ದು. ಅಲ್ಲೇ ಉತ್ತರ ಬರೆಯಲು ಕೂತೆ. ಉದ್ದವಾಯಿತು. ಉದ್ದವಾಗಿದ್ದಕ್ಕೆ ಪತ್ರ ಅಂತ ಹೆಸರಿಟ್ಟೆ. ನಾಲ್ಕು ಜನ ನೋಡುವ ಜಾಗದಲ್ಲೇ ಹಾಕುತ್ತಿದ್ದೇನೆ. ನಿನಗೊಬ್ಬನಿಗೇ ಕಳಿಸಿದರೆ ಹೆಬ್ಬೆರಳು ಒತ್ತಿ ಮಲಗಿಬಿಡುತ್ತೀಯ, ಗುಂತಕಲ್ಲಿನಲ್ಲಿ ಮಲಗಿದ ಹಾಗೆ.

ಕಂಪ್ಯೂಟರ್ ಎಲ್ಲೂ ಹೋಗಿಲ್ಲ. ಬೋರ್ಡಿನಿಂದ ಇಳಿದಿದೆ ಅಷ್ಟೆ. 2003ರಿಂದ ನಮ್ಮಜ್ಜಿಯ ಹೆಸರಿನ ಪಕ್ಕ ‘ಕಂಪ್ಯೂಟರ್ಸ್’ ಅಂತ ಇತ್ತು. ಈಗ ಅಲ್ಲಿ ‘ಸರ್ವಿಸಸ್’ ಬಂದಿದೆ. ಫ್ಲೆಕ್ಸ್ ಮಾಡುವ ಹುಡುಗ, ‘ಅಣ್ಣಾ, ಜಾಗ ಉಳೀತದೆ, ಅಜ್ಜಿ ಫೋಟೋ ದೊಡ್ಡದು ಮಾಡ್ಲಾ?’ ಅಂದ. ಬೇಡಪ್ಪಾ ಅಂದೆ. ಇರುವ ಅಳತೆಗೇ ಅವಳು ಸಾಕಷ್ಟು ಗುರಾಯಿಸುತ್ತಾಳೆ.

ಮೊದಲು ನನ್ನ ಪರವಾಗಿ ನಾನೇ ವಾದ ಮಾಡಿಬಿಡುತ್ತೇನೆ. ಬೋರ್ಡಿನಿಂದ ಆ ಪದ ಇಳಿಸಿದವರಲ್ಲಿ ನಾನು ಮೊದಲಿಗನೇನಲ್ಲ. ಆಪಲ್ ಕಂಪನಿಯ ಹೆಸರು ಆಪಲ್ ಕಂಪ್ಯೂಟರ್ ಅಂತ ಇತ್ತು, 30 ವರ್ಷ. 2007ರ ಜನವರಿ 9ರಂದು ಐಫೋನ್ ತೋರಿಸಿದ ವೇದಿಕೆಯ ಮೇಲೇ ಸ್ಟೀವ್ ಜಾಬ್ಸ್ ಸಾಹೇಬರು ‘ಕಂಪ್ಯೂಟರ್’ ಅನ್ನುವುದನ್ನು ತೆಗೆದರು. ಮ್ಯಾಕ್, ಹಾಡು ಕೇಳುವ ಐಪಾಡ್, ಆಪಲ್ ಟಿವಿ, ಐಫೋನ್: ಈ ನಾಲ್ಕರಲ್ಲಿ ಕಂಪ್ಯೂಟರ್ ಅನ್ನಿಸುವುದು ಮ್ಯಾಕ್ ಒಂದೇ ಅಂತ ಕಾರಣ ಕೊಟ್ಟರು. ಅಷ್ಟು ದೂರ ಯಾಕೆ, 2014ರ ರಾಜ್ಯೋತ್ಸವದ ದಿನ ನಮ್ಮೂರಿನ ಇಂಗ್ಲಿಷ್ ಸ್ಪೆಲಿಂಗೇ ಬದಲಾಯಿತು. ಊರು ಹಾಗೇ ಇದೆ. ಬಿಸಿಲೂ ಹಾಗೇ ಇದೆ. ಪೇಂಟರ್‌ಗಳು ಬದುಕಿಕೊಂಡರು.

ನಾನೂ ಹಾಗೇ ಅಂದುಕೊಂಡಿದ್ದೆ. ಬರೀ ಬೋರ್ಡು ಅಂತ.

ನಿನಗೆ ಹಂಪಿ ಎಕ್ಸ್‌ಪ್ರೆಸ್ ನೆನಪಿದೆಯಲ್ಲ. ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಕಂಪ್ಯೂಟರ್ ಬಿಡಿಭಾಗ ಮಾರುವ ಎಸ್‌ಪಿ ರೋಡಿನಲ್ಲಿ ಅಂಗಡಿ ತೆಗೆಯುವ ಮುಂಚೆ ಇಡ್ಲಿ. ಆಮೇಲೆ ಇಡೀ ದಿನ ಚೌಕಾಸಿ. ರಾತ್ರಿ ವಾಪಸು ಬರುವಾಗ ಮದರ್‌ಬೋರ್ಡ್ ತೊಡೆ ಮೇಲೆ, ಎಳೆಗೂಸಿನ ಹಾಗೆ. ನೀನು ಮಾನಿಟರ್ ಡಬ್ಬಿಯ ಮೇಲೆ ಕಾಲಿಟ್ಟು ಮಲಗಿ ಟಿಸಿಯ ಹತ್ತಿರ ಬೈಸಿಕೊಂಡಿದ್ದು, ಆಮೇಲೆ ಆ ಹಸಿರು ಚಪ್ಪಲಿ... ಬೇಡ ಬಿಡು, ನಿನ್ನ ಹೆಂಡತಿಯೂ ಓದುತ್ತಾಳೆ.

ಆಗ ಮಾಲು ಮಾರುವುದು ಅಂದರೆ ಮಾರುವುದೇ. ಗಿರಾಕಿ ಬಂದು, ಕೈಯಿಂದ ಮುಟ್ಟಿ, ಬೆಲೆ ಇಳಿಸಿ, ದುಡ್ಡು ಎಣಿಸಿ, ಆಟೋದಲ್ಲಿ ಹಾಕಿಕೊಂಡು ಹೋದರೆ ಮುಗಿಯಿತು. ಅದು ಅವನದು. ಗಣಿಯ ಕಾಲದಲ್ಲಿ ವೇ ಬ್ರಿಡ್ಜಿಗೊಂದು, ಲಾರಿ ಆಫೀಸಿಗೊಂದು ಅಂತ ಜೋಡಿಸಿ ಕೊಟ್ಟಿದ್ದೇ ಕೊಟ್ಟಿದ್ದು. ಕೆಂಪು ಧೂಳು ಒಳಗೆ ಹೋಗಿ ಫ್ಯಾನು ನಿಲ್ಲುತ್ತಿತ್ತು. ಬಿಚ್ಚಿದರೆ ಒಳಗೆ ಸಂಡೂರೇ ಇರುತ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಅವೇ ಮಷಿನ್‌ಗಳು ನನ್ನ ಅಂಗಡಿಗೆ ವಾಪಸು ಬಂದವು. ಕಾಲು ಬೆಲೆಗೆ ತಗೊಂಡೆ. ಅದರಲ್ಲೂ ನಾಚಿಕೆ ಅನ್ನಿಸಲಿಲ್ಲ. ವ್ಯಾಪಾರ ಅಂದರೆ ಅದು. ಎದುರಿಗೇ ನಿಂತು ಬೈದುಕೊಂಡು ಮಾಡಿದ್ದು.

ಎಂಪಿತ್ರೀ ಸಿಡಿ ಮಾತು ತೆಗೆಯಬಾರದು ಅಂತಿದ್ದೆ. ತೆಗೆಯುತ್ತೇನೆ. ಒಂದು ಸಿಡಿಯಲ್ಲಿ 150 ಹಾಡು ತುರುಕಿ 40 ರೂಪಾಯಿಗೆ ಕೊಡುತ್ತಿದ್ದೆ. ‘ಒಂದು ರಾಜ್‌ಕುಮಾರ್, ಒಂದು ಎನ್‌ಟಿಆರ್’ ಅಂತ ಕೇಳುವುದು ನಮ್ಮೂರಿನಲ್ಲಿ ಮಾತ್ರ ಇರಬೇಕು. ಕಾನೂನಿನ ಪ್ರಕಾರ ಕಳ್ಳತನ, ಒಪ್ಪಿದೆ. ಅದೇ 2003ರ ಏಪ್ರಿಲ್‌ನಲ್ಲಿ ಆಪಲ್ ಒಂದು ಹಾಡನ್ನು 99 ಸೆಂಟಿಗೆ ಮಾರಲು ಶುರು ಮಾಡಿತ್ತು. ಜನ ಹಾಡನ್ನು ಬಾಡಿಗೆಗೆ ತರುವುದಿಲ್ಲ, ಕೊಂಡು ತಮ್ಮದು ಮಾಡಿಕೊಳ್ಳುತ್ತಾರೆ, ತಿಂಗಳ ಚಂದಾ ಇಲ್ಲಿ ನಡೆಯುವುದಿಲ್ಲ ಅನ್ನುವುದು ಆಗ ಜಾಬ್ಸ್ ವಾದ. ನನ್ನದೂ ಅದೇ ವಾದ ಆಗಿತ್ತು, ಯಾರೂ ಕೇಳಲಿಲ್ಲ ಅಷ್ಟೆ.

ಅವರು 2011ರಲ್ಲಿ ತೀರಿಹೋದರು. ಕಂಪನಿ 2014ರಲ್ಲಿ 300 ಕೋಟಿ ಡಾಲರ್ ಕೊಟ್ಟು ಬೀಟ್ಸ್ ಅನ್ನುವ ಹೆಡ್‌ಫೋನ್-ಹಾಡಿನ ಕಂಪನಿ ಕೊಂಡಿತು. ಮರುವರ್ಷ ಜೂನ್ 30ಕ್ಕೆ ತಿಂಗಳ ಚಂದಾದ ಆಪಲ್ ಮ್ಯೂಸಿಕ್ ಬಂತು. 2018ರ ಕೊನೆಯಲ್ಲಿ, ಎಷ್ಟು ಐಫೋನ್ ಮಾರಿದೆವು ಅಂತ ಇನ್ನು ಮುಂದೆ ಹೇಳುವುದಿಲ್ಲ ಅಂದುಬಿಟ್ಟರು. ಎಂಥ ಧೈರ್ಯ ನೋಡು! ನಮ್ಮ ಹೋಲ್‌ಸೇಲ್ ಸೇಠ್ ‘ಈ ತಿಂಗಳು ಎಷ್ಟು ಪೀಸ್ ಹೋಯ್ತು?’ ಅಂತ ಕೇಳಿದಾಗ ನಾನು ಹಾಗಂದಿದ್ದರೆ ಉದ್ದರಿ ನಿಂತೇ ಹೋಗುತ್ತಿತ್ತು. 2019ರ ಮಾರ್ಚ್‌ನಲ್ಲಿ ಒಂದು ದೊಡ್ಡ ಸಮಾರಂಭ ಮಾಡಿದರು. ಸಿನಿಮಾದ ಸ್ಪೀಲ್‌ಬರ್ಗ್ ಬಂದರು, ಟಿವಿಯ ಓಪ್ರಾ ಬಂದರು. ತೋರಿಸಲು ಒಂದು ಹೊಸ ಮಷಿನ್ ಇರಲಿಲ್ಲ. ಅವತ್ತು ಹೇಳಿದ ಟಿವಿ ಸೇವೆ ನವೆಂಬರ್ 1ಕ್ಕೆ ಶುರುವಾಯಿತು, ಇಲ್ಲಿ ತಿಂಗಳಿಗೆ 99 ರೂಪಾಯಿ. ಮೂರು ವರ್ಷದೊಳಗೆ ಅವರ ಒಂದು ಸಿನಿಮಾ ಉತ್ತಮ ಚಿತ್ರದ ಆಸ್ಕರ್ ತಗೊಂಡಿತು. ಸ್ಟ್ರೀಮಿಂಗ್‌ನವರಿಗೆ ಅದೇ ಮೊದಲು. ಅದಾಗಿ ಎರಡು ತಿಂಗಳೊಳಗೆ ಐಪಾಡ್ ನಿಲ್ಲಿಸಿದರು.

ಬೋರ್ಡ್ ಬದಲಿಸುವ ಮುಂಚೆ ಮೂರು ರಾತ್ರಿ ಇದನ್ನೇ ಓದಿದೆ. ದೊಡ್ಡವರು ಮಾಡಿದ್ದಾರೆ ಅಂದರೆ ನಮ್ಮಂಥವರಿಗೂ ಧೈರ್ಯ ಬರುತ್ತೆ ಅಲ್ವಾ. ಅವರ 2024ರ ಲೆಕ್ಕದಲ್ಲಿ 39,100 ಕೋಟಿ ಡಾಲರ್ ವಹಿವಾಟಿಗೆ ಸೇವೆಗಳಿಂದಲೇ 9,600 ಕೋಟಿ. ಅದೆಲ್ಲ ಹಾಡು-ಸಿನಿಮಾದ್ದಲ್ಲ, ಆ್ಯಪ್‌ಗಳ ಕಮಿಷನ್, ಫೋಟೋ ಇಡುವ ಜಾಗದ ಬಾಡಿಗೆ, ಎಲ್ಲ ಸೇರಿ. ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಮಾಲು ಮಾರಿದರೆ ತಯಾರಿಕೆಯ ಖರ್ಚು ಕಳೆದು ನೂರಕ್ಕೆ 37 ಉಳಿಯುತ್ತದೆ. ಸೇವೆಯಲ್ಲಿ 74. ಕಂಪ್ಯೂಟರ್ ಜೋಡಿಸಿ ನೂರಕ್ಕೆ ಆರು ಉಳಿದರೆ ಹಬ್ಬ ಮಾಡುತ್ತಿದ್ದವನು ನಾನು. ಆ 74 ನೋಡಿ ನೀರು ಕುಡಿದು ಬಂದೆ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ನನ್ನ ಲೆಕ್ಕದ ಪುಸ್ತಕ ತೆಗೆದೆ.

ಕೊರೊನಾ ಕಾಲದಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸ್ ಅಂತ ಮನೆಮನೆಯವರೂ ಫೋನ್ ಮಾಡುತ್ತಿದ್ದರಲ್ಲ, ಆಗ ತಿಂಗಳಿಗೆ 199 ರೂಪಾಯಿಯ ಒಂದು ಸ್ಕೀಮ್ ಮಾಡಿದ್ದೆ. ಎಷ್ಟು ಸಲ ಕರೆದರೂ ಬರ್ತೀನಿ ಅಂತ. ಗಿರಾಕಿಯ ಫೋನಿನಲ್ಲೇ ಆಟೋಪೇ ಹಾಕಿಸಿಬಿಟ್ಟೆ. ಒಂದು ಸಲ ಪಿನ್ ಒತ್ತಿದರೆ ಮುಗಿಯಿತು, ಪ್ರತಿ 5ನೇ ತಾರೀಖು ದುಡ್ಡು ತಾನೇ ಬರುತ್ತದೆ. ಈಗ 61 ಜನ ಇದ್ದಾರೆ. 12,139 ರೂಪಾಯಿ. ಅಂಗಡಿ ಬಾಡಿಗೆ ಕಳೆದು ಕರೆಂಟ್ ಬಿಲ್ಲೂ ಕಳೆದು ಇನ್ನೂ ಉಳಿಯುತ್ತದೆ. ಮಧ್ಯಾಹ್ನ ಶಟರ್ ಅರ್ಧ ಎಳೆದು ಮಲಗುತ್ತೇನೆ ಅಂತ ನೀನು ಆಡಿಕೊಳ್ಳುತ್ತೀಯಲ್ಲ, ಆ ನಿದ್ದೆ ಇದರದ್ದೇ.

ಯಾರು ಎಷ್ಟು ಸಲ ಕರೆದಿದ್ದಾರೆ ಅಂತ ಹೆಸರಿನ ಮುಂದೆ ಗೀಟು ಹಾಕುತ್ತಾ ಬಂದೆ. 26 ಹೆಸರಿನ ಮುಂದೆ ಒಂದೂ ಗೀಟಿಲ್ಲ. ಇಡೀ ವರ್ಷ ಒಂದು ಫೋನೂ ಇಲ್ಲ. ಅವರ ಮಷಿನ್ ಅಷ್ಟು ಚೆನ್ನಾಗಿದೆ ಅಂತಲ್ಲ ಬಸ್ಯಾ. ಮರೆತಿದ್ದಾರೆ. ಅವರೇ ನನ್ನ ಒಳ್ಳೆಯ ಗಿರಾಕಿಗಳು. ಪೆಟ್ರೋಲ್ ಇಲ್ಲ, ಬೈಗುಳ ಇಲ್ಲ, ನೂರಕ್ಕೆ ನೂರು ಉಳಿಕೆ. ಆಪಲ್‌ನವರಿಗೂ ಇಷ್ಟು ಬರುವುದಿಲ್ಲ.

ಆ 26ರಲ್ಲಿ ಒಂಬತ್ತನೆಯದು ನಮ್ಮ ಗಣಿತದ ಮೇಷ್ಟ್ರು. ಹೌದು, ಅವರೇ.

ಸರ್ ಅವರ ಕಂಪ್ಯೂಟರ್ ಸತ್ಯನಾರಾಯಣಪೇಟೆಯ ಮನೆಯಲ್ಲಿ ಇಲ್ಲ. ಅದನ್ನು 1,500 ರೂಪಾಯಿಗೆ ಕೊಂಡವನು ನಾನೇ. ಕಣ್ಣಿನ ಆಪರೇಷನ್ ಆದ ಮೇಲೆ ‘ಇನ್ನು ಯಾಕೆ, ತಗೊಂಡು ಹೋಗಪ್ಪಾ’ ಅಂದಿದ್ದರು. ಅದರ ರ್‍ಯಾಮ್ ಈಗ ಕೌಲ್ ಬಜಾರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿದೆ. ಹಾರ್ಡ್ ಡಿಸ್ಕ್ ಒಂದು ಜೀನ್ಸ್ ಯೂನಿಟ್ಟಿನ ಬಿಲ್ ಬರೆಯುತ್ತಿದೆ. ಡಬ್ಬಿ ನನ್ನ ಟೇಬಲ್ ಕೆಳಗೆ ಕಾಲುಮಣೆ. ಇಷ್ಟು ಕಡೆ ಹಂಚಿಹೋದ ಮಷಿನ್ನನ್ನು ‘ನೋಡಿಕೊಳ್ಳಲು’ ಸರ್ 21 ತಿಂಗಳಿಂದ ನನಗೆ 199 ಕೊಡುತ್ತಿದ್ದಾರೆ.

ಅವರೇ ಬೋರ್ಡಿನ ಮೇಲೆ ಬರೆಯುತ್ತಿದ್ದ ಹಾಗೆ ಬರೆಯುತ್ತೇನೆ ನೋಡು. ಒಬ್ಬ ವ್ಯಾಪಾರಿಯು ಒಂದು ವಸ್ತುವನ್ನು 1,500 ರೂಪಾಯಿಗೆ ಕೊಂಡು, ಬಿಡಿಬಿಡಿಯಾಗಿ 1,600ಕ್ಕೆ ಮಾರಿ, ಆ ವಸ್ತುವಿನ ನಿರ್ವಹಣೆಗೆಂದು ಅದನ್ನು ಕೊಟ್ಟವರಿಂದಲೇ ತಿಂಗಳಿಗೆ 199ರಂತೆ 21 ತಿಂಗಳು ಪಡೆದರೆ, ಅವನ ಲಾಭವೆಷ್ಟು? ನೀನು ಮಾಡಲು ಹೋಗಬೇಡ. ಲಾಭ-ನಷ್ಟದಲ್ಲಿ ನೀನು ಯಾವಾಗಲೂ ನನ್ನದೇ ನೋಡಿ ಬರೆದವನು.

ಮೋಸ ಅಂತ ಯಾರೂ ಅನ್ನುವ ಹಾಗಿಲ್ಲ. ಆರ್‌ಬಿಐ ನಿಯಮದ ಪ್ರಕಾರ ದುಡ್ಡು ಕಡಿತವಾಗುವ 24 ಗಂಟೆ ಮೊದಲು ಮೆಸೇಜ್ ಹೋಗಬೇಕು, ಹೋಗುತ್ತದೆ. ಬೇಡ ಅಂದರೆ ನಿಲ್ಲಿಸಬಹುದು, ನಿಲ್ಲುತ್ತದೆ. ಎಲ್ಲ ಸರಿಯಾಗಿದೆ. ಮೆಸೇಜ್ ಇಂಗ್ಲಿಷಿನಲ್ಲಿರುತ್ತದೆ, ಸರ್ ಅವರ ಕಣ್ಣು ಅದನ್ನು ಓದುವ ಸ್ಥಿತಿಯಲ್ಲಿಲ್ಲ, ಅಷ್ಟೆ.

ಹೋದ ಭಾನುವಾರ 4,179 ರೂಪಾಯಿ ಎಣಿಸಿ ಕವರಿನಲ್ಲಿ ಹಾಕಿ ಅಂಗಿ ಜೇಬಿನಲ್ಲಿಟ್ಟುಕೊಂಡು ಹೋದೆ. ಒಗ್ಗರಣೆ ಮಂಡಕ್ಕಿ ಕೊಟ್ಟರು. ಮಿರ್ಚಿ ತರಿಸಿದರು. ನಿನ್ನನ್ನು ಕೇಳಿದರು, ‘ಅವನು ಈಗಲಾದರೂ ಹೇಳಿದ ಟೈಮಿಗೆ ಬರ್ತಾನಾ?’ ಅಂತ. ನಾನು ಮೆಲ್ಲಗೆ ಶುರು ಮಾಡಿದೆ. ಸರ್, ಆ ತಿಂಗಳ ಸ್ಕೀಮ್ ಒಂದಿತ್ತಲ್ಲ...

‘ಗೊತ್ತಪ್ಪಾ’ ಅಂದರು. ‘ಪಾಸ್‌ಬುಕ್‌ನಲ್ಲಿ ಬರ್ತದೆ. ನಿಲ್ಸೋದು ಹೆಂಗಂತ ಗೊತ್ತಾಗ್ಲಿಲ್ಲ. ನಿನ್ನ ಕೇಳೋಣಾಂದ್ರೆ, ಎಲ್ಲಿ ಬೇಜಾರು ಮಾಡ್ಕೊಂತಿಯೋ ಅಂತ.’

ನಾನು ಬೇಜಾರು ಮಾಡಿಕೊಂಡೇನು ಅಂತ. ಬೆಂಚಿನ ಮೇಲೆ ನಿಲ್ಲಿಸಿ ಮಗ್ಗಿ ಹೇಳಿಸಿದ ಮನುಷ್ಯ.

ಅವರ ಫೋನ್ ತಗೊಂಡು ಅಲ್ಲೇ ರದ್ದು ಮಾಡಿದೆ. ನಾಲ್ಕು ಕಡೆ ಒತ್ತಬೇಕು, ಒಂದು ಸಲ ಪಿನ್. ಹಾಕುವಾಗ ಎಷ್ಟು ಸುಲಭವಾಗಿತ್ತು ಅಂತ ಆಗ ನೆನಪಾಯಿತು. ಕವರ್ ಮಾತ್ರ ಕೊಡಲಿಲ್ಲ. ಕೊಟ್ಟಿದ್ದರೆ ಎಷ್ಟು ಅಂತ ಕೇಳುತ್ತಿದ್ದರು. ಎಷ್ಟು ಅಂತ ಹೇಳಿದರೆ ಎಷ್ಟು ತಿಂಗಳಾಯಿತು ಅಂತ ಅವರೇ ಬಾಯಲ್ಲಿ ಭಾಗಾಕಾರ ಮಾಡಿಬಿಡುತ್ತಿದ್ದರು. ಮಾಡಿಯೇ ಇದ್ದರೋ ಏನೋ. ಕವರ್ ಇನ್ನೂ ಗಲ್ಲಾದಲ್ಲಿದೆ. ಹೊಸ ಬೋರ್ಡ್ ಕಟ್ಟಿದ್ದು ಅದಾದ ಎರಡು ದಿನಕ್ಕೆ. ಹೌದು, ಆಮೇಲೇ. ಅಡ್ವಾನ್ಸ್ ಕೊಟ್ಟಾಗಿತ್ತು.

ಉಳಿದ 25 ಜನರಿಗೆ ಫೋನ್ ಮಾಡಬೇಕು ಅಂತ ದಿನಾ ಬೆಳಿಗ್ಗೆ ಅನ್ನಿಸುತ್ತದೆ. ಮೂವರಿಗೆ ಮಾಡಿದೆ. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರು ‘ಇರಲಿ ಬಿಡಿ, ಯಾವಾಗಾದರೂ ಬೇಕಾಗ್ತದೆ’ ಅಂದರು. ಮೂರನೆಯವರು ‘ಅಯ್ಯೋ, ಇಷ್ಟು ದಿನ ಹೋಗ್ತಿತ್ತಾ?’ ಅಂದರು. ಆ ‘ಅಯ್ಯೋ’ ಕೇಳಿದ ಮೇಲೆ ನಾಲ್ಕನೆಯವರಿಗೆ ಮಾಡಿಲ್ಲ. ಹೆಂಡತಿಗೆ ಇದ್ಯಾವುದೂ ಗೊತ್ತಿಲ್ಲ. ಈಗ ಗೊತ್ತಾಗುತ್ತದೆ. ಊಟಕ್ಕೆ ಕರೆಯುವ ದನಿಯಲ್ಲೇ ತಿಳಿಯುತ್ತದೆ ಎಷ್ಟು ಓದಿದ್ದಾಳೆ ಅಂತ.

ಸಾಕು. ಬೋರ್ಡಿನ ಬಗ್ಗೆ ಎರಡು ಸಾಲು ಬರೆಯಲು ಕೂತವನು ಗಲ್ಲಾಪೆಟ್ಟಿಗೆಯನ್ನೇ ರಾಯಲ್ ಸರ್ಕಲ್ಲಿನಲ್ಲಿ ತಲೆಕೆಳಗು ಮಾಡಿದೆ. ಇದೆಲ್ಲ ಈ ಸೆಕೆಯಿಂದ. ಕೂಲರ್‌ಗೆ ನೀರು ಹಾಕಿಲ್ಲ. ‘ಸರ್ವಿಸಸ್’ ಅಂತ ಬೋರ್ಡ್ ಹಾಕಿಕೊಂಡವನ ಅಂಗಡಿಯ ಕೂಲರ್ ಕೆಟ್ಟು ಹದಿನೈದು ದಿನವಾಯಿತು, ರಿಪೇರಿಯವನು ಬಂದಿಲ್ಲ. ಅವನಿಗೂ ತಿಂಗಳ ಸ್ಕೀಮ್ ಇದೆಯಂತೆ.

ಬರೆಯಬಾರದು ಅಂತಿದ್ದೆ, ಇರಲಿ. ಪಟ್ಟಿಯಲ್ಲಿ ಹನ್ನೊಂದನೆಯ ಹೆಸರು ನಿನ್ನದು. ಗಾಂಧಿನಗರದ ಮನೆಯ ಕಂಪ್ಯೂಟರ್, ಅಪ್ಪ-ಅವ್ವನ ಜೊತೆ ವಿಡಿಯೋ ಕಾಲ್ ಮಾಡಲಿಕ್ಕೆ ಅಂತ ನೀನೇ ಬೆಂಗಳೂರಿನಿಂದ ಆಟೋಪೇ ಹಾಕಿದ್ದು. ಯುಗಾದಿಗೆ ಹೋದಾಗ ನೋಡಿದೆ. ಅವ್ವ ಅದಕ್ಕೆ ಕಸೂತಿ ಬಟ್ಟೆ ಹೊದಿಸಿ ಮೇಲೆ ಗಣಪತಿ ಇಟ್ಟಿದ್ದಾರೆ. ಅರಿಶಿನ-ಕುಂಕುಮವೂ ಬಿದ್ದಿದೆ. ಅದನ್ನು ಆನ್ ಮಾಡುವ ಧೈರ್ಯ ನನಗಿಲ್ಲ.

ನಾಳೆ 4ನೇ ತಾರೀಖು. ನಿನಗೊಂದು ಮೆಸೇಜ್ ಬರುತ್ತದೆ. ಓದು. ಓದಿದ ತಕ್ಷಣ ಮಾತ್ರ ಏನೂ ಒತ್ತಬೇಡ ದೋಸ್ತ, ಬೋರ್ಡಿನವನಿಗೆ ಇನ್ನೂ ಒಂದು ಕಂತು ಬಾಕಿ ಇದೆ.

ನಿನ್ನ,
ಮೂರನೇ ಮಿರ್ಚಿ