ರಘುವಿನ ಕಣ್ಣಿನ ವಿಚಾರ

ಡ್ರೆಸ್ಡನ್, ಭಾನುವಾರ

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು. ನಾನು ಕ್ಷೇಮ. ನಿಮ್ಮ ಪತ್ರ ತಲುಪಿತು.

ರಘುವಿಗೆ ಕೆರಟೋಕೋನಸ್, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ತೆಳ್ಳಗಾಗಿ ಉಬ್ಬುವ ರೋಗ ಇದೆಯೆಂದೂ, ಅದಕ್ಕೆ ಅವನ ಕಣ್ಣಿಗೆ ನೇರಳಾತೀತ ಬೆಳಕು ಬಿಡುತ್ತಾರೆಂದು ಅಮ್ಮ ಊಟ ಬಿಟ್ಟು ಕುಳಿತಿದ್ದಾಳೆಂದೂ ಬರೆದಿದ್ದೀರಿ. ಆ ಬೆಳಕಿಗೆ ಕೊಲಾಜೆನ್, ಅಂದರೆ ಚರ್ಮ, ಕಾರ್ನಿಯಾಗಳನ್ನು ಕಟ್ಟಿರುವ ಪ್ರೋಟೀನ್ ಎಳೆ, ಹಾಳಾಗುತ್ತದೆಂದು ಅಕ್ಕನೇ ಹೇಳಿದ್ದಳು ಎಂದು ಅವನು ವಾದಿಸುತ್ತಾನಂತೆ. ನಾನು ಹೇಳಿದ್ದು ನಮ್ಮ ಪ್ರಯೋಗಾಲಯದ ದೀಪದ ಮಾತು. ಅದರ ಬೆಳಕು 254 ನ್ಯಾನೋಮೀಟರ್ ತರಂಗಾಂತರದ್ದು, ಕ್ರಿಮಿ ಕೊಲ್ಲುವ ಜಾತಿ. ಕೊಲಾಜೆನ್ ಹಾಳೆಯನ್ನು ಅದರ ಕೆಳಗಿಟ್ಟರೆ ಎಳೆಗಳ ನಡುವೆ ಹೊಸ ಬೆಸುಗೆ ಹುಟ್ಟಿ ಹಾಳೆ ಗಟ್ಟಿಯಾಗುತ್ತದೆ. ಅದೇ ಹೊತ್ತಿಗೆ ಕೆಲವು ಎಳೆಗಳು ತುಂಡಾಗುತ್ತಲೂ ಇರುತ್ತವೆ. ಹೊತ್ತು ಮೀರಿದರೆ ತುಂಡಾಗುವುದೇ ಹೆಚ್ಚಾಗಿ, ಸ್ವಲ್ಪ ಬಿಸಿಗೇ ಜೆಲಟಿನ್‌ನಂತೆ ಕರಗತೊಡಗುತ್ತದೆ. ಎಷ್ಟು ಹೊತ್ತು ಇಡಬೇಕು, ಒದ್ದೆಯಿರಬೇಕೋ ಒಣಗಿರಬೇಕೋ, ನನ್ನ ಸಂಬಳವೆಲ್ಲ ಇದಕ್ಕೇ. (ಆ ಕೊಲಾಜೆನ್ ಬರುವುದು ಇಲಿಯ ಬಾಲದಿಂದ. ಅಜ್ಜಿಗೆ ಹೇಳಬೇಡಿ.)

ಕಣ್ಣಿಗೆ ಬಿಡುವುದು 365 ನ್ಯಾನೋಮೀಟರಿನ ಆಸುಪಾಸಿನ ಯುವಿ-ಎ ಎಂಬ ಬೇರೆ ಜಾತಿಯ ನೇರಳಾತೀತ ಬೆಳಕು. ಮೊದಲು ಕಾರ್ನಿಯಾದ ಮೇಲ್ಪದರ ತೆಗೆದು ರೈಬೋಫ್ಲೇವಿನ್ ಹನಿ ಇಂಗಿಸುತ್ತಾರೆ, ಅಂದರೆ ಬಿ2 ವಿಟಮಿನ್. ಬೆಳಕನ್ನು ಹೀರಿ ಕಾರ್ನಿಯಾದ ಕೊಲಾಜೆನ್ ಎಳೆಗಳನ್ನು ಬೆಸೆದು ಗಟ್ಟಿಮಾಡುವುದೂ ಅದೇ, ಬೆಳಕು ಒಳಪದರಕ್ಕೆ ಇಳಿಯದಂತೆ ತಡೆಯುವುದೂ ಅದೇ. ಈ ಚಿಕಿತ್ಸೆ ಬೆಳೆದದ್ದು ಇದೇ ಊರಿನಲ್ಲಿ! 2003ರಲ್ಲಿ ಇಲ್ಲಿನ ವೈದ್ಯರು ರೋಗಿಗಳಲ್ಲಿ ಕಂಡ ಫಲಿತಾಂಶ ಪ್ರಕಟಿಸಿದರು. ಅರ್ಧ ಗಂಟೆ, ಚದರ ಸೆಂಟಿಮೀಟರಿಗೆ 3 ಮಿಲಿವ್ಯಾಟ್. ಇದಕ್ಕೆ ಡ್ರೆಸ್ಡನ್ ವಿಧಾನವೆಂದೇ ಹೆಸರು. ಭಾನುವಾರ ಅಂಗಡಿಗಳು ಬಾಗಿಲು ಹಾಕಿ ನನಗೊಂದು ಕಟ್ಟು ಕೊತ್ತಂಬರಿಯೂ ಸಿಗದ ಊರೆಂದು ನೀವು ನಗುತ್ತಿದ್ದಿರಲ್ಲ.

ವೈದ್ಯರನ್ನು ಒಂದು ಮಾತು ಕೇಳಿ: ಮೇಲ್ಪದರ ತೆಗೆದ ಮೇಲೆ ಕಾರ್ನಿಯಾ 400 ಮೈಕ್ರಾನ್ ದಪ್ಪ ಉಳಿಯುತ್ತದೆಯೇ? ತೆಳ್ಳಗಿದ್ದರೆ ಒಳಗಿನ ಜೀವಕೋಶಗಳಿಗೆ ಪೆಟ್ಟು, ಅವು ಮತ್ತೆ ಹುಟ್ಟುವುದಿಲ್ಲ. ಅದಕ್ಕೂ ಬೇರೆ ಉಪಾಯವಿದೆ, ಹೆದರಬೇಡಿ. ಕೆಲವು ದಿನ ನೋವಿರುತ್ತದೆ, ಕಣ್ಣು ಮಂಜಾಗುತ್ತದೆ. ಹೋದ ದೃಷ್ಟಿ ಇದರಿಂದ ಮರಳುವುದಿಲ್ಲ. ಇನ್ನಷ್ಟು ಕೆಡುವುದು ನಿಲ್ಲುತ್ತದೆ. ಆದ್ದರಿಂದ ಹೆಣ್ಣಿನ ಕಡೆಯವರು ಬಂದು ಹೋಗಲಿ ಎಂದು ಮುಂದೂಡಬೇಡಿ. ಅವನು ಕಣ್ಣುಜ್ಜಿದರೆ ಅಮ್ಮ ಕೈಮೇಲೆ ಹೊಡೆಯಲಿ.

ಏನೂ ಆಗುವುದಿಲ್ಲ, ಖಂಡಿತ ಏನೂ ಆಗುವುದಿಲ್ಲ. ಹಣ ಕಳುಹಿಸಿದ್ದೇನೆ, ಸಾಲದಿದ್ದರೆ ತಿಳಿಸಿ. ನಾನು ಚೆನ್ನಾಗಿ ಊಟ ಮಾಡುತ್ತಿದ್ದೇನೆ, ಚಳಿಯೂ ಅಷ್ಟೇನಿಲ್ಲ. ಟ್ರಾಮ್ ಬರುವ ಹೊತ್ತಾಯಿತು, ಉಳಿದದ್ದು ಮುಂದಿನ ಪತ್ರದಲ್ಲಿ.

ನಿಮ್ಮ ಮಗಳು,
ವಸುಧಾ