ಪರೀಕ್ಷೆಯೇ ಮಾಡದೆ ನಾಯಿ ಮಂಡಿಗೆ ಸೂಜಿ ಯಾಕೆ?

ಮಾನ್ಯ ಸಂಪಾದಕರೇ,

ಮೈಸೂರಿನಲ್ಲಿ ಈಗ ನಾಯಿ ಸ್ವಲ್ಪ ಕುಂಟಿದರೆ ಸಾಕು, ‘ಪಿಆರ್‌ಪಿ ಹಾಕಿಸಿ, ಸ್ಟೆಮ್ ಸೆಲ್ ಹಾಕಿಸಿ, ಆಪರೇಷನ್ನೇ ಬೇಡ’ ಅನ್ನುವ ಸಲಹೆ ಶುರು. ಎರಡೂ ಕೀಲಿಗೆ ಚುಚ್ಚುವ ಇಂಜೆಕ್ಷನ್‌ಗಳೇ: ಪಿಆರ್‌ಪಿ ರಕ್ತದ ಪ್ಲೇಟ್‌ಲೆಟ್‌ನದು, ಸ್ಟೆಮ್ ಸೆಲ್ ಬೇರೆ ಬೇರೆ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶದ್ದು. ಚಿಕಿತ್ಸೆ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಮಾರುವ ರೀತಿ ಬಗ್ಗೆ ಇದೆ.

ನಮ್ಮ ಬೀದಿಯಲ್ಲಿ ಒಂದು ಲ್ಯಾಬ್ರಡಾರ್ ಇದೆ. ಕೂತರೆ ಒಂದು ಹಿಂಗಾಲನ್ನು ಮಡಚದೆ ಪಕ್ಕಕ್ಕೆ ಚಾಚಿಕೊಂಡೇ ಕೂರುತ್ತದೆ. ಒಂದು ಕ್ಲಿನಿಕ್‌ನಲ್ಲಿ ಎಕ್ಸ್‌ರೇ ಇಲ್ಲ, ಮಂಡಿ ಮುಟ್ಟಿ ನೋಡಿದ್ದೂ ಇಲ್ಲ, ನೇರವಾಗಿ ಇಂಜೆಕ್ಷನ್ ಪ್ಯಾಕೇಜ್. ಬಿಲ್ಲನ್ನು ನಾನೇ ನೋಡಿದೆ, ‘ರೀಜನರೇಟಿವ್ ಥೆರಪಿ’ ಅಂತ ಒಂದೇ ಸಾಲು, ಪಕ್ಕದಲ್ಲಿ ಮೊತ್ತ. ಆಮೇಲೆ ಬೇರೆ ಡಾಕ್ಟರು ತೊಡೆಮೂಳೆಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಮಂಡಿ ಕೆಳಗಿನ ಮೂಳೆಯನ್ನು ಮುಂದಕ್ಕೆ ತಳ್ಳಿದರು. ಮೇಜಿನ ಡ್ರಾಯರ್ ಎಳೆದ ಹಾಗೆ ಜಾರಿತು. ಮಂಡಿಯ ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ, ಅಂದರೆ ಲಿಗಮೆಂಟ್, ಪೂರ್ತಿ ಹರಿದಿತ್ತು. ಹಾಗೆ ಹರಿದ ಮಂಡಿಯನ್ನು ಯಾವ ಪ್ಲೇಟ್‌ಲೆಟ್ಟೂ ಹಿಡಿದು ನಿಲ್ಲಿಸಲ್ಲ. ಅಷ್ಟು ದೊಡ್ಡ ನಾಯಿಗೆ ಸಾಮಾನ್ಯವಾಗಿ ಆಪರೇಷನ್ನೇ ದಾರಿ. ಇಂಜೆಕ್ಷನ್ ಏನಿದ್ದರೂ ಅದರ ಜೊತೆಗೆ.

ಪಿಆರ್‌ಪಿ ಅಂದರೆ ಮಾಯಾಮಂತ್ರವೇನಲ್ಲ. ನಾಯಿಯದೇ ರಕ್ತ ತೆಗೆದು ಸೆಂಟ್ರಿಫ್ಯೂಜ್‌ನಲ್ಲಿ ಗಿರಗಿರ ತಿರುಗಿಸುತ್ತಾರೆ. ಕೆಂಪು ಕಣಗಳು ಟ್ಯೂಬಿನ ತಳಕ್ಕೆ ಕೂರುತ್ತವೆ, ಮೇಲೆ ತಿಳಿಹಳದಿ ನೀರು ನಿಲ್ಲುತ್ತದೆ, ಅದರಲ್ಲಿ ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ಹೀರಿ ಕೀಲಿಗೆ ಚುಚ್ಚುತ್ತಾರೆ. ಸ್ಟೆಮ್ ಸೆಲ್ಲನ್ನು ಹೆಚ್ಚಾಗಿ ಕೊಬ್ಬಿನಿಂದ ಇಲ್ಲವೇ ಮೂಳೆಮಜ್ಜೆಯಿಂದ ತೆಗೆಯುತ್ತಾರೆ. ಕೀಲು ಸವೆದ ನಾಯಿಗಳಲ್ಲಿ ಎರಡರಿಂದಲೂ ಕೆಲವಕ್ಕೆ ಕೆಲವು ತಿಂಗಳು ನೋವು ಕಡಿಮೆಯಾಗಿದ್ದು ನಿಜ. ಆದರೆ ಅಧ್ಯಯನಗಳು ಬಹುಪಾಲು ಸಣ್ಣವು, ಪಿಆರ್‌ಪಿ ತಯಾರಿಸುವ ಒಂದು ಕಿಟ್‌ನಲ್ಲಿ ಬರುವಷ್ಟು ಪ್ಲೇಟ್‌ಲೆಟ್ ಇನ್ನೊಂದರಲ್ಲಿ ಬರಲ್ಲ, ಸವೆದ ಕೀಲು ಮತ್ತೆ ಮರಿ ನಾಯಿಯದರಂತೆ ಆಗುತ್ತದೆ ಅನ್ನುವುದಕ್ಕೆ ಪುರಾವೆಯಂತೂ ಇಲ್ಲ. ಕೀಲಿನಲ್ಲಿ ಕೀವಿದ್ದರೆ, ಕ್ಯಾನ್ಸರ್ ಗಡ್ಡೆ ಇದ್ದರೆ ಹಾಕುವ ಹಾಗೂ ಇಲ್ಲ. ಇನ್ನು ವಯಸ್ಸಾದ ಜರ್ಮನ್ ಶೆಫರ್ಡ್ ಹಿಂಗಾಲು ಎಳೆಯುತ್ತಿದ್ದರೆ ತೊಂದರೆ ಬೆನ್ನುಹುರಿಯಲ್ಲೇ ಇರಬಹುದು, ಆಗ ಸೊಂಟಕ್ಕೆ ಚುಚ್ಚಿ ಏನು ಬಂತು? ಮೊದಲು ಪರೀಕ್ಷೆ ಮಾಡಿ ಅನ್ನುವುದು ಇದಕ್ಕೇ ಅಲ್ವಾ.

ನಾಯಿಯ ತೂಕ ಇಳಿಸುವ ಮಾತು ಯಾರಿಗೂ ಬೇಡ, ಯಾಕೆಂದರೆ ಅದರಲ್ಲಿ ಬಿಲ್ ಇಲ್ಲ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆತನಕ ನೋಡಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೋಡಿ ಮಾಡಿದ್ದ ಅವುಗಳಲ್ಲಿ ಜೊತೆಯ ನಾಯಿಗಿಂತ ಶೇ 25ರಷ್ಟು ಕಡಿಮೆ ತಿಂದವು ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು, ಕೀಲುನೋವೂ ಅವಕ್ಕೆ ತಡವಾಗಿ ಬಂತು. ನಮ್ಮಲ್ಲಿ ಬೆಳಿಗ್ಗೆ ಹಾಲು ಅನ್ನ, ಮಧ್ಯೆ ರಸ್ಕು, ರಾತ್ರಿ ಮಿಕ್ಕಿದ್ದೆಲ್ಲ ಅದರ ತಟ್ಟೆಗೆ. ಮೇಲೆ ಮನೆ ತುಂಬ ನುಣ್ಣನೆ ಟೈಲ್ಸ್. ಕುಂಟುವ ನಾಯಿ ಓಡಾಡುವ ಕಡೆ ಒಂದೆರಡು ಮ್ಯಾಟ್ ಹಾಸಿದರೆ ಕಾಲು ಜಾರುವುದಾದರೂ ತಪ್ಪುತ್ತದೆ. ಮನುಷ್ಯರ ನೋವಿನ ಮಾತ್ರೆ ಮಾತ್ರ ಸುಮ್ನೆ ಕೊಡಬೇಡಿ, ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡುತ್ತದೆ.

ಪಶುಸಂಗೋಪನಾ ಇಲಾಖೆ ಒಂದು ಕೆಲಸ ಮಾಡಲಿ. ಇಂಥ ಇಂಜೆಕ್ಷನ್ ಕೊಡುವವರು ರೋಗ ಏನು, ಯಾವ ಕೀಲಿಗೆ ಏನು ಹಾಕಿದರು, ಅದು ಆ ನಾಯಿಯದೇ ರಕ್ತವೋ ಬೇರೆಯದೋ ಅಂತ ಚೀಟಿಯಲ್ಲಿ ಬರೆದುಕೊಡಲೇಬೇಕು ಅನ್ನಲಿ. ನಾಳೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋದಾಗ ತೋರಿಸಲು ಏನಾದರೂ ಬೇಕಲ್ಲ. ನೀವೂ ಜಿಲ್ಲಾ ಪುಟದಲ್ಲಿ ಸರ್ಕಾರಿ ಪಶುವೈದ್ಯರೊಬ್ಬರ ಕೈಲಿ ಈ ಬಗ್ಗೆ ಬರೆಸಿದರೆ ಉಪಕಾರವಾಗುತ್ತದೆ.

ಇಂತಿ,
ಓದುಗ, ಕುವೆಂಪುನಗರ, ಮೈಸೂರು